ಕನ್ನಡಿಯಲ್ಲಿ ಮಿಸ್ತ್ರಿಯ ಮಾರಿ

ಎಂಬತ್ತರ ಸುಮಾರಿನ ಮಾತು. ಜೋಯಿಡಾದ ನನ್ನ ಗ್ಯಾರೇಜಿಗೆ ಧಾರವಾಡದವನೊಬ್ಬ ಆನೆಯಂಥ ಮೋಟಾರ್‌ಸೈಕಲ್ ತಂದ. ಕಾರವಾರಕ್ಕೆ ಹೊರಟಿದ್ದ. ಸವೆದ ಚೈನು, ಹಲ್ಲಿನ ಚಕ್ರ ಎರಡನ್ನೂ ಬದಲಿಸಿಕೊಟ್ಟೆ.

“ಅಣಶಿ ಘಾಟ್ ಇಳಿಯೂತನಕ ನೀವೂ ಹಿಂದ ಕುಂದರ್ರಿ,” ಅಂದ. ರಿಪೇರಿ ಮಾಡಿದವನನ್ನು ಕೂರಿಸಿಕೊಂಡೇ ಗಾಡಿ ಪರೀಕ್ಷಿಸುವುದು ಅವನ ಪದ್ಧತಿಯಂತೆ.

ಘಾಟಿನ ಮೊದಲ ತಿರುವಿನಲ್ಲೇ ನನ್ನ ತಲೆಗೊಂದು ಸಂಶಯ ಹೊಕ್ಕಿತು. ಚೈನಿನ ತುದಿಗಳನ್ನು ಜೋಡಿಸುವ ಕೊಂಡಿಗೆ ಹಾಕುವ ಕ್ಲಿಪ್ಪಿನ ತೆರೆದ ಬಾಯಿ, ಚೈನು ಓಡುವ ದಿಕ್ಕಿಗೆ ಹಿಂದಕ್ಕಿರಬೇಕು. ಮುಂದಕ್ಕಿದ್ದರೆ ಕ್ಲಿಪ್ ಹಾರಿ, ಚೈನು ಗಾಲಿಗೆ ಸಿಕ್ಕಿ, ಇಬ್ಬರೂ ಕಂದರಕ್ಕೆ. ನಾನು ಹೇಗೆ ಹಾಕಿದ್ದೆ? ಎಷ್ಟು ನೆನೆದರೂ ನೆನಪಾಗಲಿಲ್ಲ. ನಿಲ್ಲಿಸು ಅಂದರೆ ಗ್ಯಾರೇಜಿನ ಮರ್ಯಾದೆ ಹೋದಂತೆ.

ಅಷ್ಟರಲ್ಲಿ ಅವನು ಕನ್ನಡಿಯನ್ನು ನನ್ನ ಮುಖದತ್ತ ತಿರುಗಿಸಿದ. “ಕೆಲಸ ಹೆಂಗಾಗೇತಿ ಅಂತ ಮಿಸ್ತ್ರಿ ಮಾರಿ ನೋಡಿದ್ರ ತಿಳೀತೈತ್ರಿ!”

ನಾನು ಹಲ್ಲು ಕಿರಿದು ನಕ್ಕೆ. ಅವನಿಗೆ ಧೈರ್ಯ ಬಂದು ಇನ್ನಷ್ಟು ಜೋರು ಬಿಟ್ಟ. ಹೆದರಿ ನಾನು ಇನ್ನಷ್ಟು ನಕ್ಕೆ.

ಘಾಟ್ ಇಳಿದ ಮೇಲೆ ಬಗ್ಗಿ ನೋಡಿದೆ. ಕ್ಲಿಪ್ಪಿನ ಬಾಯಿ ಹಿಂದಕ್ಕೇ ಇತ್ತು.

ವಾಪಸ್ ಬಸ್ಸಿನಲ್ಲಿ ಬಂದೆ. ಡ್ರೈವರ್ ಕನ್ನಡಿಯಲ್ಲಿ ನನ್ನ ಕಡೆ ನೋಡಿದ. ನಾನು ಅಪ್ಪಿತಪ್ಪಿಯೂ ನಗಲಿಲ್ಲ.