ಇನ್ಸ್‌ಪೆಕ್ಟರಿಗೆ ಲಂಚ

ನಮ್ಮಕ್ಕನ ಕೈಗೆ ಕತ್ತರಿ ಸಿಕ್ಕರೆ ಬಟ್ಟೆ ಹೇಳಿದ ಮಾತು ಕೇಳುತ್ತದೆ. ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಅವಳು ಕಟಿಂಗ್ ಮಾಸ್ಟರ್. ನಾನು ಅಲ್ಲಿಯೇ ಮೆಷಿನ್ ತುಳಿಯುವವಳು. ಪದರ ಪದರವಾಗಿ ಹಾಸಿದ ಬಟ್ಟೆಯ ಮೇಲೆ, ಸೀಮೆಸುಣ್ಣದ ಗೆರೆ ಹಿಡಿದು ಅವಳು ಕತ್ತರಿ ಬಿಡುವುದನ್ನು ನೋಡಲು ಗಿರಾಕಿಗಳೂ ನಿಲ್ಲುತ್ತಿದ್ದರು.

ಆದರೆ ಚಿಕ್ಕಂದಿನಿಂದಲೂ ಅವಳಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಳ್ಳುವುದಾದರೂ ಅಭ್ಯಾಸವಾಗಿತ್ತು. ಸಕ್ಕರೆ ಇದ್ದಕ್ಕಿದ್ದಂತೆ ಇಳಿಯುತ್ತಿತ್ತಲ್ಲ, ಅದೇ ತಾಪತ್ರಯ. ಬೇರೆಯವರಿಗೆ ಬೆವರುತ್ತದೆ, ಕೈ ನಡುಗುತ್ತದೆ. ಇವಳಿಗೆ ಯಾವ ಸೂಚನೆಯೂ ಇಲ್ಲದೆ ಮಂಕು ಕವಿಯುತ್ತದೆ.

ಅದಕ್ಕೇ ತರಬೇತಿ ಪಡೆದ ನಾಯಿಯೊಂದು ಬಂತು. ಎಲ್ಲವನ್ನೂ ಮೂಸಿ ತಪಾಸಣೆ ಮಾಡುತ್ತದೆಂದು ಇನ್ಸ್‌ಪೆಕ್ಟರ್ ಎಂದು ಕರೆದೆವು. ಸಕ್ಕರೆ ಇಳಿಯುವ ವಾಸನೆ ಹಿಡಿದ ಕೂಡಲೇ ಅದು ಅಕ್ಕನ ಮೊಣಕಾಲ ಮೇಲೆ ಪಂಜ ಇಡುತ್ತದೆ. ಅವಳು ಬೆರಳು ಚುಚ್ಚಿ ಮೀಟರ್ ನೋಡಬೇಕು. ನಿಜವಾಗಿದ್ದರೆ ತಾನು ಗ್ಲೂಕೋಸ್ ತಿನ್ನಬೇಕು, ನಾಯಿಗೆ ಬಿಸ್ಕತ್ತು ಕೊಡಬೇಕು. "ಬೇರೆ ಯಾರೂ ಒಂದು ಚೂರೂ ಕೊಡ್ಬಾರದು," ಎಂದು ತರಬೇತುದಾರ ಒತ್ತಿ ಹೇಳಿದ್ದ.

ಹೇಳಿದರೆ ಯಾರು ಕೇಳುತ್ತಾರೆ? ಅಂಗಡಿಗೆ ಬಂದವರೆಲ್ಲ ನಾಯಿಯನ್ನು ಮುದ್ದಿಸುವವರೇ. ಅಕ್ಕನ ಕಡೆ ತಿರುಗಿದರೆ ಒಂದೇ ಪ್ರಶ್ನೆ: "ಸಿಹಿ ಬಿಟ್ರೆ ವಾಸಿಯಾಗಲ್ವಾ?" ಇಳಿದಾಗ ಸಿಹಿಯೇ ಅವಳ ಜೀವ ಉಳಿಸುವುದು ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು.

ಹೀಗಿರುವಾಗ ಇನ್ಸ್‌ಪೆಕ್ಟರ್ ಸುಳ್ಳು ಹೇಳಲು ಶುರುಮಾಡಿತು. ಪಂಜ ಇಡುವುದು, ಅಕ್ಕ ಕತ್ತರಿ ಕೆಳಗಿಟ್ಟು ಬೆರಳು ಚುಚ್ಚುವುದು, ಮೀಟರಿನಲ್ಲಿ ಎಲ್ಲ ಸರಿ. ಸ್ವಲ್ಪ ಹೊತ್ತಿಗೆ ಮತ್ತೆ ಪಂಜ. ಬೆರಳುಗಳೆಲ್ಲ ಜರಡಿಯಾದವು. ಶಾಲೆ ಶುರುವಾಗುವ ಕಾಲ, ಕೆಲಸ ತಲೆಯ ಮೇಲೆ. ಅಂಗಡಿಯ ಯಜಮಾನರು ಗೊಣಗಿದರು: "ನೋಡಮ್ಮ, ನಾಯಿ ಸಂಬಳ ತಗೊಳ್ತಿಲ್ಲ ನಿಜ. ನಿನ್ನ ಕೆಲಸಾನೂ ಮಾಡಕ್ಕೆ ಬಿಡ್ತಿಲ್ವಲ್ಲ!"

ಆವತ್ತು ಮಧ್ಯಾಹ್ನ ನಾಯಿ ಮತ್ತೆ ಮೊಣಕಾಲು ಮುಟ್ಟಿತು. "ಸುಮ್ನಿರೋ," ಎಂದಳು ಅಕ್ಕ. ಅದು ಮತ್ತೆ ಮುಟ್ಟಿತು, ಗುರುಗುಟ್ಟಿತು, ಸೆರಗು ಎಳೆಯಿತು. ಅವಳು ಕಾಲಿನಿಂದ ಅತ್ತ ಸರಿಸಿ ಕತ್ತರಿ ಓಡಿಸಿದಳು. ನಾನು ತಲೆಯೆತ್ತಿ ನೋಡುವಷ್ಟರಲ್ಲಿ ಹೊಲಿಗೆಗೆ ಬಿಡಬೇಕಾದ ಅಂಚನ್ನೇ ಬಿಡದೆ ಇಡೀ ಕಟ್ಟನ್ನು ಒಳಗೆರೆಯ ಮೇಲೆ ಕತ್ತರಿಸಿ ಹಾಕಿದ್ದಳು. ನಾನು ಹೆಸರು ಹಿಡಿದು ಕೂಗಿದರೂ ಕಣ್ಣಿನಲ್ಲಿ ಗುರುತಿಲ್ಲ. ಗ್ಲೂಕೋಸ್ ಬಾಯಿಗೆ ಹಾಕಿದೆ. ಮಂಕು ಇಳಿದ ಮೇಲೆ ಆ ಬಟ್ಟೆ ನೋಡಿ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆ ಮನೆಗೆ ಬಂದೆವು. ನಾಯಿ ನೇರ ಅಡುಗೆಮನೆಗೆ ಹೋಗಿ ಅಮ್ಮನ ಮೊಣಕಾಲ ಮೇಲೆ ಪಂಜ ಇಟ್ಟಿತು. ಅಮ್ಮನ ಕೈ ತಾನಾಗಿ ಬಿಸ್ಕತ್ತಿನ ಡಬ್ಬಿಗೆ ಹೋಯಿತು.

ನನಗೆ ಪಿತ್ತ ನೆತ್ತಿಗೇರಿತು. "ಎಷ್ಟು ದಿನದಿಂದ ಅಮ್ಮಾ ಈ ಲಂಚ?"

"ಲಂಚ ಏನೇ? ನನ್ನ ಮಗಳನ್ನ ಕಾಯೋ ಜೀವ, ಬಾಯಿಬಿಟ್ಟು ಕೇಳಕ್ಕೆ ಆಗಲ್ಲ. ಹಸಿದಿರಬಾರದು ಅಂತ..." ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ನಮ್ಮದು ಬಿಸ್ಕತ್ತಿಗೆ ಹೋಗಿತ್ತು. ಅಕ್ಕ ಡಬ್ಬಿಯನ್ನು ತೆಗೆದುಕೊಂಡು ತನ್ನ ಕೋಣೆಗೆ ಹೋದಳು.

ತರಬೇತುದಾರ ನಾಯಿಗೆ ಮೊದಲಿನಿಂದ ಪಾಠ ಹೇಳಿದ. ಅಮ್ಮ ಅದು ಹತ್ತಿರ ಬಂದರೆ ಸೆರಗಿನಲ್ಲಿ ಕೈ ಸುತ್ತಿಕೊಂಡು ಮುಖ ತಿರುಗಿಸಿದಳು. ನಾಯಿ ಸರಿಹೋಯಿತು. ಯಜಮಾನರು ಅಷ್ಟರಲ್ಲಿ ಕತ್ತರಿಯನ್ನು ಬೇರೊಬ್ಬನ ಕೈಗೆ ಕೊಟ್ಟು, ಅಕ್ಕನನ್ನು ಗುಂಡಿ ಹೊಲಿಯಲು ಕೂರಿಸಿದ್ದರು.

ಮೊನ್ನೆ ನಾಯಿ ಮುಟ್ಟಿತು. ಅಕ್ಕ ಬೆರಳು ಚುಚ್ಚಿ ನೋಡಿದಳು, ನಿಜವಾಗಿಯೂ ಇಳಿದಿತ್ತು. ಗ್ಲೂಕೋಸ್ ಬಾಯಿಗೆ ಹಾಕಿಕೊಂಡವಳೇ ಖುಷಿಯಿಂದ ಮೀಟರ್ ಹಿಡಿದು ಯಜಮಾನರ ಬಳಿ ಓಡಿದಳು. "ನೋಡಿ ಸಾರ್, ಈಗ ಒಂದು ಸಲಾನೂ ತಪ್ಪಲ್ಲ. ನನಗೆ ಕಟಿಂಗ್ ಟೇಬಲ್ ವಾಪಸ್ ಕೊಡಿ."

ಅವರು ಮೀಟರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ನಾಯಿ ಸರಿಹೋಗಿದೆ ಕಣಮ್ಮ. ನಿನ್ನ ಶುಗರ್ ಇಳಿಯೋದು ನಿಂತಿಲ್ವಲ್ಲ."

ಅಕ್ಕ ಬಂದು ಕೂತಳು. ನಾಯಿಗೆ ಸಲ್ಲಬೇಕಾದ ಬಿಸ್ಕತ್ತು ಕೊಟ್ಟು, ಸೂಜಿಗೆ ದಾರ ಪೋಣಿಸಿದಳು.