ಸೂಪರ್‌ಜೂಮ್‌ಗೆ ಸಿಕ್ಕಿದ ಬೋಗುಣಿ

ನೋಡ್ರಪ್ಪಾ, ಮತ್ತೆ ಎಲ್ರೂ ಕ್ಯಾಮೆರಾ ಹಿಂದೆ ಬಿದ್ದಿದ್ದಾರೆ ಅಂತ ನಾನೂ ಶಿವಮೊಗ್ಗದ ಅಂಗಡಿಗಳನ್ನೆಲ್ಲ ಅಲೆದು ದೂರದ್ದನ್ನೂ ಹತ್ತಿರ ತೋರಿಸೋ ಒಂದು ಸೆಕೆಂಡ್‌ಹ್ಯಾಂಡ್ ಸೂಪರ್‌ಜೂಮ್ ಕ್ಯಾಮೆರಾ ತಂದೆ. ಇವತ್ತು ಬೆಳಿಗ್ಗೆ ಜನ್ನಾಪುರದ ನಮ್ಮ ಟೆರೇಸಿಂದ ಹಕ್ಕಿ ಹುಡುಕ್ತಿದ್ದೆ. ಬೀದಿ ಕೊನೆಯ ಶಾಂತಕ್ಕನ ಟೆರೇಸಲ್ಲಿ, ಮೆಣಸಿನಕಾಯಿ ಒಣಗಿಸೋಕಿಟ್ಟ ಸ್ಟೀಲ್ ಬೋಗುಣಿ ಮೇಲೆ ಗೊರವಂಕ ಕೂತಿತ್ತು. ಜೂಮ್ ಮಾಡಿದ್ರೆ ಬೋಗುಣಿ ಮೇಲೆ ಕೆತ್ತಿಸಿದ ಹೆಸರು ಕಾಣ್ತು: ಗಿರಿಜಾ. ನನ್ನ ಹೆಂಡತಿ ಹೆಸರು!

ತೋರಿಸಿದ್ದೇ ತಡ, ಕ್ಯಾಮೆರಾ ಕಿತ್ಕೊಂಡು ಹೊರಟ್ಲು.

"ಶಾಂತಕ್ಕಾ, ಪಾಯಸದ ಬೋಗುಣಿ ಅವತ್ತೇ ವಾಪಸ್ ಕೊಟ್ಟೆ ಅಂತ ಆಣೆ ಮಾಡಿದ್ರಲ್ಲಾ?"

"ಮರೆತೇ ಹೋಗಿತ್ತು ಮಾರಾಯ್ತಿ! ಅದಿರ್ಲಿ, ನಿನಗೆ ಹೇಗೆ ಗೊತ್ತಾಯ್ತು?"

ಗಿರಿಜಾ ಕ್ಯಾಮೆರಾ ಎತ್ತಿ ತೋರಿಸಿದ್ಲು.

ಸಂಜೆ ಹೊತ್ತಿಗೆ ನಮ್ಮ ಬೀದಿಯ ಯಾವ ಟೆರೇಸಲ್ಲೂ ಒಂದೂ ಪಾತ್ರೆ ಇಲ್ಲ. ಎಲ್ಲಕ್ಕಿಂತ ಮೊದಲು ಖಾಲಿಯಾಗಿದ್ದು ನಮ್ಮದೇ ಟೆರೇಸು.