ಸೂರಿನ ಹತ್ತಿರದ ಕೆಂಪು ಗೆರೆ

ಏಳನೇ ಕ್ಲಾಸಿನಲ್ಲಿ ಶಾಲೆಗೂ ನನಗೂ ಸರಿಬರದೆ, ಹೊಸನಗರದ ಕಡೆ ಅಣೆಕಟ್ಟಿನ ಸರ್ವೆ ಸಾಹೇಬರ ಹಿಂದೆ ಬಣ್ಣದ ಡಬ್ಬಿ ಹಿಡಿದು ತಿರುಗುತ್ತಿದ್ದೆ. ಚಳಿಗಾಲದ ಹೊತ್ತಿಗೆ ಹಿನ್ನೀರು ಎಲ್ಲಿಯವರೆಗೆ ಏರುತ್ತದೋ ಅಲ್ಲಿ ಕೆಂಪು ಗೆರೆ ಎಳೆಯುವುದು ನನ್ನ ಕೆಲಸ. ಆ ಗೆರೆ ನೋಡಿಕೊಂಡೇ ಜನ ಮನೆ ಬಿಚ್ಚಿ, ಹೆಂಚು, ತೊಲೆ, ಬಾಗಿಲು ಎಲ್ಲ ಗಾಡಿಗೆ ಹೇರುತ್ತಿದ್ದರು.

ದಾರಿಯ ದಿಬ್ಬದ ಮೇಲಿದ್ದ ದೇವಕ್ಕನ ಮನೆಗೆ ನೀರು ಬರುವುದಿಲ್ಲವೆಂದು ಸಾಹೇಬರು ಅಂಗಳದ ಕೆಳಗಿನ ಕಲ್ಲು ತೋರಿಸಿ ಮುಂದೆ ಹೋದರು. ಕಲ್ಲಿಗೆ ಬಳಿದ ಮೇಲೂ ಬ್ರಷ್ಷಿನಲ್ಲಿ ಬಣ್ಣ ಉಳಿದಿತ್ತು. ದೇವಕ್ಕ ಗದ್ದೆಗೆ ಹೋಗಿದ್ದಳು. ಏಣಿ ಹತ್ತಿ ಅವಳ ಗೋಡೆಗೂ, ಸೂರಿನ ಹತ್ತಿರ, ಒಂದು ಗೆರೆ ಎಳೆದೆ. ಸಂಜೆ ಬಂದು ನೋಡಿ ಒಂದು ಗಳಿಗೆ ಹೆದರಲಿ ಅಂತ, ಅಷ್ಟೆ.

ನಾಲ್ಕು ದಿನ ಬಿಟ್ಟು ಅದೇ ದಾರಿಯಲ್ಲಿ ಬಂದರೆ ಅವಳ ಮನೆಯ ಮಾಡಿನ ಮೇಲೆ ಅರ್ಧ ಹೆಂಚೇ ಇಲ್ಲ. ದೇವಕ್ಕ ಇಳಿಸಿದ ಹೆಂಚನ್ನು ಅಂಗಳದಲ್ಲಿ ಜೋಡಿಸುತ್ತಿದ್ದಳು.

“ಇದೇನಮ್ಮಾ, ಈ ಮನೆಗೆ ನೀರು ಬರಲ್ವಲ್ಲ,” ಎಂದರು ಸಾಹೇಬರು.

“ಗೆರೆ ಹಾಕ್ಸಿದ್ದು ನೀವೇ ಅಲ್ದಾ ಸಾಹೇಬ್ರೇ? ಪೂರಾ ಮುಳುಗ್ತದೆ ಅಂತ ದನಾನೂ ತಂಗಿ ಮನೆಗೆ ಹೊಡ್ಸಿದೆ.”

ಸಾಹೇಬರು ಗೋಡೆ ನೋಡಿದರು, ಆಮೇಲೆ ನನ್ನನ್ನು.

“ನಾನೇ ಎಳೆದಿದ್ದು ದೇವಕ್ಕ, ತಮಾಷೆಗೆ,” ಎಂದೆ.

ಅವಳು ಬೈಯಲಿಲ್ಲ. ಕೈಲಿದ್ದ ಹೆಂಚನ್ನು ನನಗೆ ಕೊಟ್ಟಳು. “ಹತ್ತು ಮಾರಾಯ. ಅಷ್ಟೆತ್ತರ ಗೆರೆ ಎಳ್ದೋನಿಗೆ ಮಾಡು ಹೊದ್ಸೋದು ಎಂತ ಮಹಾ.”

ಎರಡು ದಿನ ಹೊದೆಸಿದೆ. ಆ ಚಳಿಗಾಲ ಹಿನ್ನೀರು ಅಂಗಳದ ಕೆಳಗೇ ನಿಂತಿತು. ದೇವಕ್ಕನ ಮನೆಯೊಳಗೆ ನೀರು ಬಂದದ್ದು ಮುಂದಿನ ಮಳೆಗಾಲದಲ್ಲಿ, ನಾನು ಹೊದೆಸಿದ ಅರ್ಧದಿಂದ.